ಗೇರಿನ ಮೂರು ಚುಕ್ಕಿ

ಆಗೆಲ್ಲ ನಮ್ಮೂರಿನ ಮಕ್ಕಳಿಗೆ ದೆವ್ವಕ್ಕಿಂತ ಗೇರು ಮರದ ಭಯವೇ ಹೆಚ್ಚು. ದೆವ್ವವನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಗೇರು ತಾಕಿ ಮುಖ ಊದಿಸಿಕೊಂಡವರು ಮಾತ್ರ ಬೀದಿಗೊಬ್ಬರು ಸಿಗುತ್ತಿದ್ದರು. ನಾನು ಹೇಳುತ್ತಿರುವುದು ಗೋಡಂಬಿ ಬಿಡುವ ಗೇರಿನ ಮಾತಲ್ಲ. ಇದು ಕಾಡಿನ ಗೇರು, ಕರಿಗೇರು ಅನ್ನುತ್ತಾರಲ್ಲ, ಅದು. ಮೇಲೆ ಕಿತ್ತಳೆ ಬಣ್ಣದ ಪುಟ್ಟ ಹಣ್ಣು, ಅದರ ತುದಿಗೆ ಅಂಟಿಕೊಂಡ ಕಪ್ಪು ಕಾಯಿ. ಹಣ್ಣನ್ನು ಬೂದಿಯಲ್ಲಿ ಸುಟ್ಟು ತಿಂದರೆ ಸಿಹಿ, ಆಮೇಲೆ ಗಂಟಲಲ್ಲಿ ಒಂದಿಷ್ಟು ಕೆರೆತ. ಕಾಯಿಯ ಸಿಪ್ಪೆಯೊಳಗೆ ಮಾತ್ರ ಡಾಂಬರಿನಂಥ ಎಣ್ಣೆ ಇರುತ್ತದೆ. ಅದು ಮೈಗೆ ತಾಕಿದರೆ ಬೆಂಕಿಯಲ್ಲಿ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ನೀರು ತುಂಬಿಕೊಳ್ಳುತ್ತದೆ, ಗಾಯ ಮಾಯ್ದ ಮೇಲೂ ಕಲೆ ಹೋಗುವುದಿಲ್ಲ. ಕೆಲವರ ಮೈಗಂತೂ ತಾಕುವುದೇ ಬೇಡ, ಮರದ ಅಡಿಯಲ್ಲಿ ಹಾದು ಬಂದರೂ ಸಾಕು.

ಹಲಗೂರು ದಾಟಿ ಮುತ್ತತ್ತಿಗೆ ಹೋಗುವ ದಾರಿಯಲ್ಲಿ, ಕಾಡು ಶುರುವಾಗುವುದಕ್ಕೆ ಸ್ವಲ್ಪ ಮೊದಲು ನಮ್ಮೂರು. ಊರಿನ ಕೊನೆಯ ಮನೆ ನಮ್ಮದು. ನಮ್ಮದೆಂದರೆ ನನ್ನ ಅಜ್ಜಿಯದು, ಅವ್ವನ ಅವ್ವ, ಹೆಸರು ನಿಂಗಮ್ಮ. ನನಗೆ ಮಾತು ಬರುವ ಮೊದಲೇ ಅವ್ವ ತೀರಿಕೊಂಡಳಂತೆ. ಅಪ್ಪ ಹೊಳಲಿನಲ್ಲಿ ಇನ್ನೊಂದು ಮದುವೆಯಾಗಿ ಅಲ್ಲೇ ಉಳಿದ. ಗೌರಿಹಬ್ಬಕ್ಕೆ ಒಂದು ಲಂಗದ ಬಟ್ಟೆ ಕಳಿಸಿದರೆ ಆ ವರ್ಷದ ಮಟ್ಟಿಗೆ ಅವನ ಕೆಲಸ ಮುಗಿಯಿತು. ಹಾಗಾಗಿ ಆ ಮನೆಯಲ್ಲಿ ಇದ್ದದ್ದು ನಾವಿಬ್ಬರು, ಒಂದು ಎಮ್ಮೆ, ಮತ್ತು ಅಟ್ಟದ ಮೇಲೆ ಒಂದು ಮಡಕೆ ತುಂಬ ಗೇರುಕಾಯಿ.

ಆ ಮಡಕೆಯ ದೆಸೆಯಿಂದ ಊರವರು ಅಜ್ಜಿಯನ್ನು ಗೇರು ನಿಂಗಮ್ಮ ಎಂದೇ ಕರೆಯುತ್ತಿದ್ದರು. ನಾಟಿಯ ಕಾಲದಲ್ಲಿ ಕೆಸರಿನಲ್ಲಿ ನಿಂತು ಕಾಲ್ಬೆರಳ ಸಂದಿ ಹುಣ್ಣಾದ ಹೆಂಗಸರು, ಕಬ್ಬು ಕಡಿದು ಹಿಮ್ಮಡಿ ಒಡೆದು ರಕ್ತ ಬರುತ್ತಿರುವ ಆಳುಗಳು, ಮುಳ್ಳು ತುಳಿದ ಕುರಿ ಕಾಯುವವರು ಸಾಯಂಕಾಲವಾದರೆ ನಮ್ಮ ಜಗಲಿಯ ಮುಂದೆ ಬಂದು ನಿಲ್ಲುತ್ತಿದ್ದರು. ಅಜ್ಜಿ ದಬ್ಬಳದ ತುದಿಗೆ ಒಂದು ಕಾಯಿ ಚುಚ್ಚಿ ಸೀಮೆಎಣ್ಣೆ ಬುಡ್ಡಿಯ ಉರಿಗೆ ಹಿಡಿಯುತ್ತಿದ್ದಳು. ಸಿಪ್ಪೆ ಚಟಪಟ ಸಿಡಿದು ಒಳಗಿನ ಎಣ್ಣೆ ಕುದಿದು ಹನಿಯಾಗಿ ಇಳಿಯುತ್ತಿತ್ತು. ಆ ಹನಿ ಸರಿಯಾಗಿ ಒಡಕಿನೊಳಕ್ಕೇ ಬೀಳಬೇಕು. ಪಕ್ಕದ ಚರ್ಮಕ್ಕೆ ಬಿದ್ದರೆ ಮದ್ದು ಹೋಗಿ ನಂಜಾಯಿತು. ಟೈರು ಸುಟ್ಟಂಥ ಕಮಟು, ಅದರೊಳಗೇ ಗೋಡಂಬಿ ಹುರಿದಂಥ ಘಮ, ಎರಡೂ ಸೇರಿದ ಹೊಗೆ ಜಗಲಿಯನ್ನು ತುಂಬುತ್ತಿತ್ತು. ಹೊಗೆ ತಾಕದ ಹಾಗೆ ನನ್ನನ್ನು ಗಾಳಿ ಬರುವ ಕಡೆ, ದೂರ, ಹುಲ್ಲಿನ ಮೆದೆಯ ಹತ್ತಿರ ಕೂರಿಸಿರುತ್ತಿದ್ದಳು.

"ಉರಿ ಕಣವ್ವೋ, ಸಾಕು ಬುಡು" ಎಂದು ಕಾಲು ಕೊಟ್ಟವನು ಗೋಗರೆದರೆ ಅಜ್ಜಿ ತಲೆ ಎತ್ತುತ್ತಿರಲಿಲ್ಲ.

"ಉರೀಲಿ ಬುಡು. ಕಾಲ್ ಎಳ್ಕಬ್ಯಾಡ ಕಣ್ಲಾ, ಬ್ಯಾರೆ ಕಡೀಕ್ ಬಿದ್ರೆ ಆಮೇಲ್ ನನ್ ಕೇಳ್ಬ್ಯಾಡ."

ಗೂರಲು ಕೆಮ್ಮಿಗೆ ಗೇರು ಒಳ್ಳೆಯದಂತೆ, ಹಾಲಿನಲ್ಲಿ ಹಾಕಿ ಕುಡಿಯಲು ಕೊಡು ಎಂದು ಯಾರಾದರೂ ಕೇಳಿದರೆ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದಳು. "ಒಟ್ಟೆಗ್ ಕೊಡೋ ಕೈ ನಂದಲ್ಲ. ಅದ ಬಲ್ಲೋರು ಬ್ಯಾರೆ ಅವ್ರೆ, ಅವ್ರತ್ರ ಓಗು."

ಮದ್ದು ಬಿಡಿಸಿಕೊಂಡವರು ಒಂದು ಮೊರ ರಾಗಿಯನ್ನೋ ಒಂದು ಕುಂಬಳಕಾಯಿಯನ್ನೋ ಜಗಲಿಯ ಮೇಲಿಟ್ಟು ಕುಂಟುತ್ತ ಹೋಗುವರು. ನಿಂಗಮ್ಮನ ಕೈಗುಣ ದೊಡ್ಡದು ಎನ್ನುವರು. ಒಳಗೆ ಬಂದು ಕೂತು ಒಂದು ಲೋಟ ನೀರು ಕುಡಿದವರನ್ನು ಮಾತ್ರ ನಾನು ಕಾಣೆ. ಕಾಲಿಗೆ ಬೇಕಾದ ಕೈ ಮನೆಗೆ ಬೇಡವಾಗಿತ್ತು. ನನಗೂ ಅದೇ ಪಾಡು. ನಾನು ಗೇರಜ್ಜಿಯ ಮೊಮ್ಮಗಳು. ಕೈ ಕೈ ಹಿಡಿದು ಸುತ್ತುವ ಆಟಕ್ಕೆ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕುಂಟಾಬಿಲ್ಲೆಗೆ ಪರವಾಗಿಲ್ಲ, ಅದರಲ್ಲಿ ಅವರವರ ಕಾಲ ಮೇಲೆ ಅವರವರು ಕುಂಟಿದರೆ ಆಯಿತು. ಹಾಗಾಗಿ ಕುಂಟಾಬಿಲ್ಲೆಯಲ್ಲಿ ನನ್ನನ್ನು ಸೋಲಿಸುವವರು ಆ ಊರಿನಲ್ಲಿ ಇರಲಿಲ್ಲ.

ಅಜ್ಜಿಗೆ ಗೇರು ಏನೂ ಮಾಡುತ್ತಿರಲಿಲ್ಲ. ಎಷ್ಟೋ ವರ್ಷ ಅದರಲ್ಲೇ ಆಡಿ ಅವಳ ಬಲಗೈಯ ಬೆರಳ ತುದಿಗಳು ಇದ್ದಿಲಿನ ಹಾಗೆ ಕಪ್ಪಾಗಿದ್ದವು. ಬೂದಿ ಹಾಕಿ ಉಜ್ಜಿದರೂ, ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ತನಗೇನೂ ಆಗದಿದ್ದರೂ ತನ್ನಿಂದ ನನಗೆ ಆಗಬಹುದೆಂಬ ಹೆದರಿಕೆ ಅವಳಿಗೆ. ಆದ್ದರಿಂದ ಆ ಬಲಗೈಯಿಂದ ಅವಳು ನನ್ನನ್ನು ಮುಟ್ಟಿದ್ದೇ ಇಲ್ಲ. ತಲೆ ಬಾಚುವುದು ಎಡಗೈಯಲ್ಲಿ, ಅದೂ ಬೈತಲೆ ಯಾವಾಗಲೂ ಸೊಟ್ಟ. ಮುದ್ದೆಯನ್ನು ಮರದ ಕೋಲಿನಿಂದಲೇ ತಟ್ಟೆಗೆ ಜಾರಿಸುವಳು. ನಾನು ಜ್ವರ ಬಂದು ಮಲಗಿದ್ದಾಗ ಎಡಗೈಯ ಹಿಂಬದಿಯನ್ನು ಹಣೆಗೆ ಒಂದು ಗಳಿಗೆ ಒತ್ತಿ ತೆಗೆದುಬಿಡುವಳು. ಬೇರೆ ಮಕ್ಕಳ ಕೆನ್ನೆಯನ್ನು ಅವರ ಅವ್ವಂದಿರು ಎರಡೂ ಕೈಯಲ್ಲಿ ಹಿಡಿದು ಲಟಲಟ ಎಂದು ನೆಟಿಗೆ ಮುರಿಯುವುದನ್ನು ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. ನನಗೆ ಜಾತ್ರೆಯ ಬಳೆ ಬೇಕಿರಲಿಲ್ಲ, ಹೊಸ ಲಂಗ ಬೇಕಿರಲಿಲ್ಲ. ಅಜ್ಜಿ ಆ ಕಪ್ಪು ಬೆರಳುಗಳಲ್ಲಿ ನನ್ನ ಕೆನ್ನೆಯನ್ನು ಒಂದು ಸಲ ಹಿಡಿಯಬೇಕು, ಅಷ್ಟೇ ನನ್ನ ಆಸೆ.

ನಮ್ಮೂರಿನ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಮೇಷ್ಟ್ರು ಮಳವಳ್ಳಿಯ ಒಂದು ಹಾಸ್ಟೆಲ್ಲಿನಲ್ಲಿ ಸೀಟು ಗೊತ್ತುಮಾಡಿ ಬಂದು ಹೇಳಿದರು. ನಾನು ಅಳುವುದಕ್ಕೆ ಬಾಯಿ ತೆಗೆಯುವ ಮೊದಲೇ ಅಜ್ಜಿ "ಓಯ್ತಾಳೆ ಬುಡಿ ಸ್ವಾಮಿ" ಎಂದುಬಿಟ್ಟಳು. ಹುಡುಗಿಯರ ಬಟ್ಟೆಯನ್ನೆಲ್ಲ ಒಟ್ಟಿಗೆ ಒಗೆಯುವುದರಿಂದ ಪ್ರತಿಯೊಂದಕ್ಕೂ ಗುರುತು ಹಾಕಿ ಕಳಿಸಬೇಕು ಎಂದು ಮೇಷ್ಟ್ರು ಹೇಳಿದರು. ಅಂಗಡಿಯಲ್ಲಿ ಅದಕ್ಕೆಂದೇ ಇಂಕು ಸಿಗುತ್ತದಂತೆ. ಅಜ್ಜಿ ನಕ್ಕಳು. ಊರಿನ ಮಡಿವಾಳರು ತಲೆತಲಾಂತರದಿಂದ ಗೇರಿನಲ್ಲೇ ಗುರುತು ಹಾಕುವವರು, ಅವರಿಗೂ ಕಾಯಿ ಕೊಡುತ್ತಿದ್ದವಳು ಅಜ್ಜಿಯೇ. ಗೇರಿನ ಗುರುತು ಬಟ್ಟೆ ಹರಿದರೂ ಹೋಗುವುದಿಲ್ಲ.

ಅದಕ್ಕೊಂದು ಕ್ರಮ ಇತ್ತು. ಸೂಜಿಯ ಮೊನೆಯಿಂದ ಗೇರಿನ ಎಣ್ಣೆಯ ಗುರುತಿಟ್ಟು, ಅದರ ಮೇಲೆ ಸುಣ್ಣ ಸವರಿ, ರಾತ್ರಿಯೆಲ್ಲ ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕಿ, ಮಾರನೆಯ ದಿನ ಒಗೆದು ಬಿಸಿಲಿಗೆ ಒಣಗಿಸಬೇಕು. ಆಗ ಗೇರಿನ ಸಿಟ್ಟು ಇಳಿದು ಬರೀ ಕಪ್ಪು ಉಳಿಯುತ್ತದೆ ಎನ್ನುವುದು ಅಜ್ಜಿಯ ಲೆಕ್ಕ. ನನ್ನ ಬಟ್ಟೆ ದರ್ಜಿಯ ಕೈಯಿಂದ ಬಂದದ್ದು ಹೊರಡುವ ಹಿಂದಿನ ದಿನ. ಅವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಅಜ್ಜಿ ಗೇರಿನ ಮಡಕೆಯ ಮುಚ್ಚಳ ತೆಗೆಯುತ್ತಿರಲಿಲ್ಲ, ಯಾರು ಎಷ್ಟೇ ನರಳಿಕೊಂಡು ಬಂದರೂ ಇಲ್ಲ. ಅವತ್ತು ಮರ ಎಚ್ಚರವಾಗಿರುತ್ತದಂತೆ. ನನ್ನ ಮೇಲಿನ ಕಾಳಜಿಗೇ ಇರಬೇಕು, ಆ ನೇಮವನ್ನು ಅವಳು ನನಗಾಗಿಯೂ ಮುರಿಯಲಿಲ್ಲ.

ಮಾರನೆಯ ಬೆಳಗ್ಗೆ ಬೆಳಕು ಹರಿಯುತ್ತಲೇ ಜಗಲಿಯಲ್ಲಿ ಕೂತು ಎರಡು ಬಿಳಿ ಶರ್ಟು, ಒಂದು ಹೂವಿನ ಜಾಕೀಟು, ಎಲ್ಲದರ ಕುತ್ತಿಗೆಪಟ್ಟಿಯ ಒಳಮೈಗೆ ಗುರುತಿಟ್ಟಳು. ನಾನು ಹುಲ್ಲಿನ ಮೆದೆಯ ಹತ್ತಿರದಿಂದಲೇ ಕತ್ತು ಚಾಚಿ ನೋಡಿದೆ. ಸಾಲಾಗಿ ಮೂರು ಚುಕ್ಕಿ.

"ಇದೇನಜ್ಜಿ, ಬರೀ ಚುಕ್ಕಿ?"

"ನಂಗೇನು ಅಕ್ಸರ ಬತ್ತದಾ? ಒಂದು ನಾನು, ಒಂದು ನಿಮ್ಮವ್ವ, ಇನ್ನೊಂದು ನೀನು. ಮನೇರೆಲ್ಲ ಒಂದೇ ಕಡೆ ಇರ್ತೀವಿ."

ಆಕಾಶ ಮೋಡ ಕವಿದಿತ್ತು. ನೆನೆಹಾಕುವುದಕ್ಕೆ ಹೊತ್ತೆಲ್ಲಿತ್ತು, ಒಣಗಿಸುವುದಕ್ಕೆ ಬಿಸಿಲೆಲ್ಲಿತ್ತು? ಸುಣ್ಣ ಬಳಿದು, ಒಂದು ಸಲ ನೀರಿನಲ್ಲಿ ಜಾಲಿಸಿ, ಒಲೆಯ ಮೇಲೆ ಹಿಡಿದು ಬೆಚ್ಚಗೆ ಮಾಡಿ ಟ್ರಂಕಿಗೆ ಹಾಕಿದಳು. ಅಷ್ಟರಲ್ಲಿ ಮುತ್ತತ್ತಿಯ ಕಡೆಯಿಂದ ಬಸ್ಸು ಬಂತು. ಕಂಡಕ್ಟರ್ ಟ್ರಂಕನ್ನು ಬಸ್ಸಿನ ಮೇಲಕ್ಕೆ ಎತ್ತಿಕೊಂಡ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ, ಈಗಲಾದರೂ ಮುಟ್ಟುತ್ತಾಳೆ ಎಂದು. ಅಜ್ಜಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಆಗತಾನೆ ಗೇರು ಮುಟ್ಟಿದ ಕೈ ಅದು. "ಉಸಾರು ಕಣ್ ಮೊಗ" ಎಂದಳು. ಬಸ್ಸು ಹೊರಟಿತು.

ಹಾಸ್ಟೆಲ್ಲಿನ ಬಗ್ಗೆ ದೂರು ಹೇಳಲಾರೆ. ಹೊತ್ತಿಗೆ ಸರಿಯಾಗಿ ಮುದ್ದೆ, ಹುರುಳಿಕಾಳಿನ ಸಾರು ಇತ್ತು. ಉದ್ದನೆಯ ಒಂದು ಹಾಲು, ಗೋಡೆಯುದ್ದಕ್ಕೂ ಟ್ರಂಕುಗಳು, ಅವುಗಳ ಮುಂದೆ ಚಾಪೆಗಳು. ನನ್ನ ಪಕ್ಕದ ಚಾಪೆ ಚಿಕ್ಕರಸಿನಕೆರೆಯ ಭಾಗ್ಯಳದು. ಮೊದಲ ದಿನವೇ ಅವಳು ನನ್ನ ಕೈ ಹಿಡಿದು ಬಚ್ಚಲು ಮನೆ ತೋರಿಸಲು ಕರೆದುಕೊಂಡು ಹೋದಳು. ಎಷ್ಟು ಸಲೀಸಾಗಿ ಹಿಡಿದಳೆಂದರೆ ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಗೇರಜ್ಜಿ ಯಾರೆಂದು ಅವಳಿಗೆ ಗೊತ್ತಿರಲಿಲ್ಲವಲ್ಲ. ಆ ಸಂತೋಷವೂ ಸಾಯಂಕಾಲದವರೆಗೆ ಮಾತ್ರ. ದೀಪ ಹಚ್ಚುವ ಹೊತ್ತಿಗೆ, ಮನೆಯಲ್ಲಿ ಅಜ್ಜಿ ಈಗ ಎಮ್ಮೆ ಕಟ್ಟುತ್ತಿರುತ್ತಾಳೆ, ಈಗ ಬುಡ್ಡಿ ಒರೆಸುತ್ತಿರುತ್ತಾಳೆ ಎಂದು ನೆನಪಾಗುತ್ತಿತ್ತು. ಆಗ ಕೈಯನ್ನು ಕುತ್ತಿಗೆಯ ಹಿಂದಕ್ಕೆ ತೆಗೆದುಕೊಂಡು ಹೋಗಿ ಪಟ್ಟಿಯೊಳಗಿನ ಚುಕ್ಕಿಗಳನ್ನು ಬೆರಳಿನಿಂದ ಹುಡುಕುತ್ತಿದ್ದೆ. ಬಟ್ಟೆ ಅಲ್ಲಿ ಸ್ವಲ್ಪ ಗಡುಸಾಗಿತ್ತು. ಒಂದು ಅಜ್ಜಿ, ಒಂದು ಅವ್ವ, ಒಂದು ನಾನು. ಅದನ್ನು ಉಜ್ಜುತ್ತ ಉಜ್ಜುತ್ತ ಮಲಗುತ್ತಿದ್ದೆ.

ಮೊದಲು ತುರಿಕೆ ಬಂತು. ಆಮೇಲೆ ಕುತ್ತಿಗೆಯ ಹಿಂದೆ ಸಾಲಾಗಿ ಮೂರು ಬೊಬ್ಬೆ. ಕೆರೆದುಕೊಂಡ ಬೆರಳನ್ನೇ ಮುಖಕ್ಕೆ ತಂದಿದ್ದೆನಲ್ಲ, ಕಣ್ಣಿನ ರೆಪ್ಪೆ ಊದಿಕೊಂಡಿತು, ತುಟಿ ಊದಿಕೊಂಡಿತು, ಕಿವಿ ಕೆಂಪಗೆ ದಪ್ಪಗಾಯಿತು. ಅಂಟುರೋಗ ಎಂದು ಯಾರೋ ಅಂದರು. ಭಾಗ್ಯ ಚಾಪೆಯನ್ನು ಎಳೆದುಕೊಂಡು ಆಚೆ ಗೋಡೆಗೆ ಹೋದಳು. ಅವಳದೇನು ತಪ್ಪು, ಅವರ ಮನೆಯಲ್ಲಿ ಚಿಕ್ಕ ತಮ್ಮನಿದ್ದ, ಅವನಿಗೆ ತಗುಲಿದರೆ ಎಂಬ ಭಯ. ವಾರ್ಡನ್ ಮೇಡಂ ನನ್ನ ಹಾಸಿಗೆಯನ್ನು ಅಕ್ಕಿ ಮೂಟೆಗಳಿದ್ದ ಉಗ್ರಾಣಕ್ಕೆ ಹಾಕಿಸಿದರು. ತಟ್ಟೆ ಬಾಗಿಲ ಹತ್ತಿರ ಬರುತ್ತಿತ್ತು. ಹೊರಗೆ ಹುಡುಗಿಯರು ಕೈ ಹಿಡಿದುಕೊಂಡು ಸುತ್ತುತ್ತ ಹಾಡುವುದು ಕೇಳಿಸುತ್ತಿತ್ತು, ನೋಡೋಣವೆಂದರೆ ಕಣ್ಣು ತೆರೆಯುತ್ತಿರಲಿಲ್ಲ. ಊರಿನಲ್ಲಿ ಬಿಟ್ಟು ಬಂದೆ ಅಂದುಕೊಂಡದ್ದು ನನ್ನ ಟ್ರಂಕಿನೊಳಗೇ ಕೂತು ಬಂದಿತ್ತು.

ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಒಳ್ಳೆಯವರು, ಕುತ್ತಿಗೆಯನ್ನು ದೀಪದ ಕೆಳಗೆ ಬಗ್ಗಿಸಿ ನೋಡಿ, "ಇದು ಅಂಟುವ ಕಾಯಿಲೆ ಅಲ್ಲ, ಏನೋ ತಾಗಿದೆ. ಹೊಸದಾಗಿ ಏನಾದರೂ ಹಾಕಿಕೊಂಡೆಯಾ ಮಗು? ಎಣ್ಣೆ, ಸೋಪು, ಸರ?" ಎಂದು ಕೇಳಿದರು. ನನಗೆ ಗೊತ್ತಿತ್ತು. ಗೇರಿನ ಬೊಬ್ಬೆಯನ್ನು ನಾನು ನೋಡದೆ ಬೇರೆ ಯಾರು ನೋಡಿಯಾರು? ಆದರೆ ಹೇಳಿದರೆ ಅಜ್ಜಿಯನ್ನು ಬೈಯುತ್ತಾರೆ, ಚುಕ್ಕಿ ಇರುವ ಬಟ್ಟೆಯನ್ನೆಲ್ಲ ಒಲೆಗೆ ಹಾಕುತ್ತಾರೆ. ಹೇಳದಿದ್ದರೆ ಇವರು ನನ್ನನ್ನು ಊರಿಗೆ ಕಳಿಸುತ್ತಾರೆ. ತುಟಿ ಊದಿದ್ದರಿಂದ ಸುಮ್ಮನಿರುವುದೂ ಸುಲಭವಾಯಿತು, ತಲೆ ಅಲ್ಲಾಡಿಸಿದೆ. ಮುಲಾಮು ಕೊಟ್ಟರು. ಹಚ್ಚಿದಾಗ ಇಳಿಯುವುದು, ಒಗೆದ ಶರ್ಟು ತೊಟ್ಟ ಕೂಡಲೇ ಮತ್ತೆ ಏಳುವುದು, ಹೀಗೇ ನಡೆಯಿತು. ಕೊನೆಗೆ ವಾರ್ಡನ್ ಮೇಡಂ ಊರಿಗೆ ಹೇಳಿಕಳಿಸಿದರು. "ವಾಸಿಯಾದ ಮೇಲೆ ಬಾಮ್ಮ. ಆದರೆ ಬಹಳ ದಿನ ನಿನ್ನ ಜಾಗ ಖಾಲಿ ಇಡೋಕಾಗಲ್ಲ, ಕಾಯ್ತಿರೋ ಮಕ್ಕಳಿದ್ದಾರೆ" ಎಂದರು. ಖಾಲಿ ಇಡಬೇಡಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಅಜ್ಜಿ ಬಂದಳು. ಉಗ್ರಾಣದ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಒಂದು ಕಡ್ಡಿಯಿಂದ ನನ್ನ ಕುತ್ತಿಗೆಪಟ್ಟಿಯನ್ನು ಎತ್ತಿದಳು. ಬಟ್ಟೆಯ ಮೇಲೆ ಮೂರು, ಅದರ ಕೆಳಗೆ ಮೈಯ ಮೇಲೆ ಮೂರು. ಕಡ್ಡಿಯನ್ನು ಬಿಸಾಡಿದಳು.

"ಅಂಟಲ್ಲ ಕಣ್ತಾಯಿ ಇದು, ಯಾರ್ಗೂ ಅಂಟಾಕಿಲ್ಲ" ಎಂದು ವಾರ್ಡನ್ ಮೇಡಂಗೆ ಹೇಳಿದಳು. "ನನ್ ಕೈಯಾಗ್ ಆಗಿರದು. ನನ್ ಕೈಯಾರ ನಾನೇ ಆಕ್ ಕಳ್ಸಿವ್ನಿ."

ಹೊರಡುವಾಗ ಕಿಟಕಿಯ ಸರಳಿನ ಸಂದಿಯಿಂದ ಭಾಗ್ಯ ಒಂದು ಕಡಲೆ ಮಿಠಾಯಿ ತೂರಿಸಿದಳು, ದೂರದಿಂದಲೇ. ಬಸ್ಸಿನಲ್ಲಿ ಅಜ್ಜಿ ನನಗೂ ತನಗೂ ಮಧ್ಯೆ ಗಂಟನ್ನು ಇಟ್ಟುಕೊಂಡು ಕೂತಳು. ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಹಲಗೂರಿನವರೆಗೂ ಕಿಟಕಿಯ ಆಚೆಯೇ ನೋಡುತ್ತಿದ್ದಳು.

ಮನೆಯಲ್ಲಿ ಕರಿ ಎಳ್ಳನ್ನು ಎಮ್ಮೆಯ ಬೆಣ್ಣೆಯ ಜೊತೆ ಅರೆದು, ಕಡ್ಡಿಗೆ ಅರಳೆ ಸುತ್ತಿ, ದೂರದಿಂದ ನನಗೆ ಬಳಿದಳು. ತಂಪಾಯಿತು. ಉಪ್ಪು, ಹುಳಿ, ಖಾರ ಬಿಡಿಸಿ ಬರೀ ಹಾಲು ಅನ್ನ ಹಾಕಿದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ ಕಣ್ಣು ಸ್ವಲ್ಪ ಬಿಟ್ಟ ಮೇಲೆ, ಬೆಳಗ್ಗೆ ತಲೆಗೆ ನೀರು ಹಾಕಿ, ಒದ್ದೆ ಬಟ್ಟೆಯಲ್ಲೇ ಕಾಡಿನ ದಾರಿಗೆ ಕರೆದುಕೊಂಡು ಹೊರಟಳು. ಅಟ್ಟದ ಮಡಕೆಯನ್ನು ಯಾಕೆ ಕಂಕುಳಲ್ಲಿ ಇಟ್ಟುಕೊಂಡಿದ್ದಾಳೋ ನನಗೆ ತಿಳಿಯಲಿಲ್ಲ.

ನಮ್ಮ ಕಡೆ ಒಂದು ನಂಬಿಕೆ ಇತ್ತು. ಗೇರಿಗೆ ಅಕ್ಕ ತಾರೆಮರ, ತ್ರಿಫಲೆಗೆ ಹಾಕುವ ತಾರೇಕಾಯಿ ಬಿಡುತ್ತದಲ್ಲ, ಅದು. ಗೇರು ಮುನಿದರೆ ತಾರೆಮರದ ಹತ್ತಿರ ಹೋಗಿ ಹೇಳಿಕೊಳ್ಳಬೇಕು, ಸುತ್ತು ಬಂದು ಬೊಡ್ಡೆಯನ್ನು ತಬ್ಬಿಕೊಳ್ಳಬೇಕು, ಆಮೇಲೆ ಹಿಂತಿರುಗಿ ನೋಡದೆ ಮನೆಗೆ ಬರಬೇಕು. ತಂಗಿ ಕೊಟ್ಟ ಉರಿಯನ್ನು ಅಕ್ಕ ಇಸಿದುಕೊಳ್ಳುತ್ತಾಳೆ. ಹಳ್ಳದ ಪಕ್ಕದಲ್ಲಿ ಒಂದು ಭಾರಿ ತಾರೆಮರವಿತ್ತು. ಕೆಳಗೆಲ್ಲ ಆನೆಯ ಲದ್ದಿ, ಮಣ್ಣಿನ ವಾಸನೆ, ಕಾಲಿಗೆ ಒತ್ತುವ ಒಣ ತಾರೇಕಾಯಿ. ನಾನು ಸುತ್ತು ಬಂದೆ. ಬೊಡ್ಡೆಯನ್ನು ತಬ್ಬಿ ಊದಿದ ಕೆನ್ನೆಯನ್ನು ಅದಕ್ಕೆ ಒತ್ತಿದೆ. ಒರಟು ತೊಗಟೆ, ತಣ್ಣಗಿತ್ತು. ನನ್ನನ್ನು ಯಾರೋ ತಬ್ಬಿಕೊಂಡ ಹಾಗೆ ಅನಿಸಿತು. ಅಲ್ಲೇ ನಿಂತು ಅತ್ತೆ.

"ಆಯ್ತು ನಡಿ ಮೊಗ. ಮುಂದ್ ಮುಂದ್ಕೆ ಓಗು, ತಿರುಗ್ ನೋಡ್ಬ್ಯಾಡ" ಎಂದಳು ಅಜ್ಜಿ.

ನಾನು ನಡೆದೆ. ಅವಳು ಹಿಂದೆ ಬರಲಿಲ್ಲ. ಮಣ್ಣು ಕೆದಕುವ ಸದ್ದು ಕೇಳಿಸಿತು. ಆಮೇಲೆ ಮರಕ್ಕೆ ಹೇಳಿಕೊಳ್ಳುವ ಅವಳ ದನಿ, ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ, ಮೆಲ್ಲಗೆ. "ಮೊಗೀಂದ್ ಏನೂ ತಪ್ಪಿಲ್ಲ ಕಣವ್ವ. ನಂದು. ಅಮಾಸೆ ನೋಡುದ್ನೇ ಒರ್ತು ನೆನೆಯಾಕ್ ಒತ್ತದಾ ಅಂತ ನೋಡ್ಲಿಲ್ಲ. ಈ ಕೈಗುಣ ನಂಗೆ ಸಾಕು, ನೀನೇ ಇಸ್ಕೊ. ಅವಳ್ ಮೈ ಬುಟ್ಬುಡು." ತಿರುಗಿ ನೋಡಬೇಕೆಂದು ಎಷ್ಟು ಅನಿಸಿತೋ. ನೋಡಲಿಲ್ಲ. ಅವಳು ನನ್ನನ್ನು ಬಂದು ಸೇರಿಕೊಂಡಾಗ ಮಡಕೆ ಇರಲಿಲ್ಲ, ಉಗುರಿನ ತುಂಬ ಮಣ್ಣಿತ್ತು.

ಊತ ಇಳಿಯಿತು. ತಾರೆಮರದಿಂದಲೋ, ಎಳ್ಳು ಬೆಣ್ಣೆಯಿಂದಲೋ, ಆ ಶರ್ಟು ತೊಡದೆ ಇದ್ದದ್ದರಿಂದಲೋ, ನೀವು ನಿಮಗೆ ಬೇಕಾದ್ದನ್ನು ನಂಬಿ. ಅದಾದ ಮೇಲೆ ಒಂದು ಸಾಯಂಕಾಲ ಕಬ್ಬಿನ ಗದ್ದೆಯ ಒಬ್ಬ ಆಳು ಕುಂಟಿಕೊಂಡು ಬಂದು ಕಾಲು ಚಾಚಿದ. ಅಜ್ಜಿ ಜಗಲಿಯಿಂದ ಏಳಲಿಲ್ಲ.

"ನಿಲ್ಸ್ಬುಟ್ಟಿವ್ನಿ ಕಣಪ್ಪ. ಆಸ್ಪತ್ರೆಗ್ ಓಗು."

"ನಿಂಗವ್ವ, ಅಂಗನ್ಬ್ಯಾಡ, ನಿನ್ ಕೈಗುಣ..."

"ಕೊಟ್ಬುಟ್ಟೆ ಅದ. ಈಗ ನನ್ ಕೈಲಿ ಏನೂ ಇಲ್ಲ."

ಅವನು ಕಾಲೆಳೆದುಕೊಂಡು ಕುಂಟುತ್ತ ಹೋದ. ಸುದ್ದಿ ಹರಡಿದ ಮೇಲೆ ಸಾಯಂಕಾಲ ನಮ್ಮ ಜಗಲಿಯ ಮುಂದೆ ಯಾರೂ ನಿಲ್ಲಲಿಲ್ಲ. ರಾಗಿಯಿಲ್ಲ, ಕುಂಬಳಕಾಯಿಯಿಲ್ಲ, ಉರಿ ಉರಿ ಎಂಬ ಗೋಗರೆತವಿಲ್ಲ. ಅಜ್ಜಿಗೆ ಊರಿನ ಜೊತೆ ಇದ್ದ ಒಂದೇ ಒಂದು ಬಳಕೆ ಅದು. ನನ್ನ ದೆಸೆಯಿಂದ ಅದೂ ಹೋಯಿತು ಎಂದು ಆಗ ನನಗೆ ಹೊಳೆಯಲಿಲ್ಲ. ಗೇರು ಹೋಯಿತು, ಇನ್ನು ನಾವಿಬ್ಬರೂ ಹೀಗೇ ಇರಬಹುದು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅವಳು ಪ್ರತಿದಿನ ಬೂದಿ ಹಾಕಿ ಬಲಗೈಯನ್ನು ಉಜ್ಜುತ್ತಿದ್ದಳು, ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತಿದ್ದಳು. ಕಪ್ಪು ಒಂದಿಷ್ಟೂ ಹೋಗಲಿಲ್ಲ. ಆದರೂ ಉಜ್ಜುವುದನ್ನು ಬಿಡಲಿಲ್ಲ.

ಒಂದು ದಿನ ಹಿಂದಿನಿಂದ ಬಂದು ನನ್ನ ಜಡೆಯನ್ನು ಎತ್ತಿದಳು. ಕುತ್ತಿಗೆಯ ಮೇಲೆ ಒಂದು ಬೆರಳು ಬಂತು. ಎಡಗೈಯದಲ್ಲ ಎಂದು ಕೂಡಲೇ ಗೊತ್ತಾಯಿತು, ತುದಿ ಗಟ್ಟಿಯಾಗಿತ್ತು, ದಬ್ಬಳ ಹಿಡಿದು ಬುಡ್ಡಿಯ ಉರಿಗೆ ಕಾದು ಕಾದು ಜಡ್ಡುಗಟ್ಟಿದ್ದು. ಆ ಬೆರಳು ಒಂದು ಕಲೆಯ ಮೇಲೆ ನಿಂತಿತು, ಪಕ್ಕದ್ದಕ್ಕೆ ಹೋಯಿತು, ಅದರ ಪಕ್ಕದ್ದಕ್ಕೆ ಹೋಯಿತು.

"ಮೂರೂ ಅವೆ ಕಣವ್ವ" ಎಂದಳು.

ಆಮೇಲೆ ನನ್ನನ್ನು ತನ್ನ ಕಡೆಗೆ ತಿರುಗಿಸಿಕೊಂಡು ಎರಡೂ ಅಂಗೈಯಲ್ಲಿ ನನ್ನ ಕೆನ್ನೆ ಹಿಡಿದಳು. ಬೂದಿಯ ವಾಸನೆ, ಎಮ್ಮೆಯ ವಾಸನೆ. ಏನಾದರೂ 'ಉರಿ' ಅಂತೀನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ, ಉಸಿರು ಬಿಟ್ಟರೆ ಎಲ್ಲಿ ಕೈ ತೆಗೆದುಬಿಡುತ್ತಾಳೋ ಎಂದು. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು.

ಅವತ್ತೇ ಸಾಯಂಕಾಲ ಅವಳು ನನ್ನ ಟ್ರಂಕು ತೆಗೆದು ಶರ್ಟುಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಚುಕ್ಕಿ ಇದ್ದ ಪಟ್ಟಿಗಳನ್ನು ಕತ್ತರಿಸಿ ತೆಗೆದು, ತನ್ನ ಹಸಿರು ಸೀರೆಯ ಸೆರಗಿನಿಂದ ತುಂಡು ಹರಿದು ಅಲ್ಲಿಗೆ ಹೊಲಿಯತೊಡಗಿದಳು. ನನ್ನನ್ನು ಮತ್ತೆ ಹಾಸ್ಟೆಲ್ಲಿಗೆ ಕಳಿಸುವುದಕ್ಕೆಂದು ತಿಳಿಯುತ್ತಲೇ ಒಂದು ಶರ್ಟನ್ನು ಹಿಡಿದು ಎಳೆದೆ.

"ನಾನ್ ಓಗಕಿಲ್ಲ ಅಜ್ಜಿ. ಇಲ್ಲೇ ಇರ್ತೀನಿ. ಈಗ ಗೇರು ಇಲ್ವಲ್ಲ."

"ಇಲ್ಲಿದ್ದು?"

"ನಿನ್ ಜೊತೆ ಇರ್ತೀನಿ."

"ನನ್ ಜೊತೆ ಇದ್ರೆ ನೀನೂ ನಾಳೀಕೆ ಈ ಜಗಲೀಲಿ ಒಬ್ಳೇ ಕುಂತಿರ್ತೀಯ. ಊರೋರು ಕಾಲ್ ತಂದು ಚಾಚ್ತಾರೆ, ಮೊಖ ತಂದು ತೋರ್ಸಾಕಿಲ್ಲ." ದಾರವನ್ನು ಹಲ್ಲಿನಿಂದ ಕಡಿದಳು. "ಅಲ್ಲಿ ಯಾವಳೋ ನಿನ್ ಕೈ ಇಡ್ಕಂಡ್ಳು ಅಂದ್ಯಲ್ಲ, ಓಗು. ಇಡ್ಕಳಾರು ಇರೋ ಕಡೆ ಇರು."

ಅತ್ತೆ, ರಂಪ ಮಾಡಿದೆ, ಊಟ ಬಿಟ್ಟೆ. ಅಜ್ಜಿ ಜಗ್ಗಲಿಲ್ಲ. ಬಸ್ಸಿನ ಹತ್ತಿರ ಈ ಸಲ ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲಿಲ್ಲ. ಕಿಟಕಿಯಿಂದ ಕೈ ತೂರಿಸಿ ನನ್ನ ತಲೆಯ ಮೇಲಿಟ್ಟು, ಬಸ್ಸು ಹೊರಟ ಮೇಲೂ ನಾಲ್ಕು ಹೆಜ್ಜೆ ಜೊತೆಗೇ ನಡೆದಳು. ಮುಟ್ಟುವುದಕ್ಕಾಗಿ ಇದ್ದದ್ದನ್ನೆಲ್ಲ ಕೊಟ್ಟವಳು, ಮುಟ್ಟುವುದಕ್ಕೆ ಸಿಕ್ಕವಳನ್ನು ಬಸ್ಸು ಹತ್ತಿಸಿ ಕಳಿಸಿದಳು. ಅವಳ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು, ಹೇಳುವುದಕ್ಕೇನು.

ಹಾಸ್ಟೆಲ್ಲಿನಲ್ಲಿ ಭಾಗ್ಯ ಚಾಪೆಯನ್ನು ವಾಪಸು ಎಳೆದುಕೊಂಡು ಬಂದಳು. ಹಸಿರು ತೇಪೆಯ ಶರ್ಟು ನನ್ನದೆಂದು ಒಗೆಯುವವಳಿಗೂ ಗೊತ್ತಾಯಿತು. ಓದು ನಡೆಯಿತು. ದಸರೆ, ಸಂಕ್ರಾಂತಿ, ಬೇಸಿಗೆ, ಯಾವ ರಜೆಗೆ ಹೋದರೂ ಅಜ್ಜಿ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ನೀರು ಕೊಡುವುದಕ್ಕೂ ಮೊದಲು ಜಡೆ ಎತ್ತಿ, ಬೆರಳಿಟ್ಟು ನೋಡಿ, "ಮೂರೂ ಅವೆ" ಎನ್ನುವುದು. ನಾನು ಕಾಲೇಜಿಗೆ ಬಂದ ಮೇಲೂ, ಕೆಲಸಕ್ಕೆ ಸೇರಿದ ಮೇಲೂ ಅದು ತಪ್ಪಲಿಲ್ಲ. ಕೊನೆಯ ವರ್ಷಗಳಲ್ಲಿ ಅವಳ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಕಲೆಗಳು ಆ ಹೊತ್ತಿಗೆ ಚರ್ಮದ ಮಟ್ಟಕ್ಕೆ ಇಳಿದಿದ್ದವು, ಬೆರಳಿಗೆ ಸಿಗುವಂತಿರಲಿಲ್ಲ. ಆದರೂ ಅವಳ ಬೆರಳು ತಡವರಿಸದೆ ನೇರ ಅಲ್ಲಿಗೇ ಬರುತ್ತಿತ್ತು. "ಅವೆ ಕಣವ್ವ" ಎನ್ನುತ್ತಿದ್ದಳು.

ಈಗ ಮಂಡ್ಯದಲ್ಲಿ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮದುವೆ ಆಗಲಿಲ್ಲ, ಆಗಬೇಕೆನಿಸಲೂ ಇಲ್ಲ. ಅಜ್ಜಿ ತೀರಿಹೋದಳು, ಅವಳ ಮನೆಯ ಜಾಗದಲ್ಲಿ ಮುತ್ತತ್ತಿಗೆ ಹೋಗುವವರಿಗಾಗಿ ಎಳನೀರು, ಚಿಪ್ಸು ಮಾರುವ ಅಂಗಡಿಯಿದೆ. ಹಳ್ಳದ ಪಕ್ಕದ ತಾರೆಮರ ಒಂದು ಮಳೆಗಾಲದಲ್ಲಿ ಬಿತ್ತಂತೆ. ಗೇರು ಮರಗಳು ಕಾಡಿನೊಳಗೆ ಇದ್ದರೂ ಇರಬಹುದು, ಅವುಗಳಿಗೆ ಹೆದರುವ ಮಕ್ಕಳು ಈಗಿಲ್ಲ. ಮೊನ್ನೆ ಪೇಟೆಯಲ್ಲಿ ನಾರು ಬೇರು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಒಂದು ಗಾಜಿನ ಭರಣಿಯಲ್ಲಿ ಗೇರುಕಾಯಿ ಕಂಡೆ. ಬೇಕಾ ಮೇಡಂ, ಹುಷಾರು, ಬರಿಗೈಯಲ್ಲಿ ಮುಟ್ಟಬೇಡಿ ಎಂದ ಅಂಗಡಿಯವನು. ಬೇಡ ಎಂದೆ. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು ಬಂದೆ.

ಅವತ್ತು ಮನೆಗೆ ಬಂದು ಜಡೆ ಎತ್ತಿ ಕುತ್ತಿಗೆಯ ಹಿಂದೆ ಬೆರಳಾಡಿಸಿದೆ. ಏನೂ ಸಿಗಲಿಲ್ಲ. ಎರಡು ಕನ್ನಡಿ ಹಿಡಿದು ನೋಡಬಹುದು, ಫೋನಿನಲ್ಲಿ ಫೋಟೋ ತೆಗೆಯಬಹುದು, ನನಗೇನು ಗೊತ್ತಿಲ್ಲವೇ. ತೆಗೆಯಲಿಲ್ಲ. ಮೂರೂ ಇವೆಯೋ ಇಲ್ಲವೋ ಬೆರಳಿಟ್ಟು ಹೇಳಬೇಕಾದವಳು ಹೇಳದೆ, ನೋಡಿಕೊಂಡು ನಾನೇನು ಮಾಡಲಿ?